ತುಕ್ಕಿಗೆ ತುಕ್ಕೇ ಮದ್ದು: ಮಲೆನಾಡಿನ ಕೋವಿ ಮತ್ತು ಅದರ ಹೊರಮೈ

2018ರ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪುರಾತತ್ವ ಇಲಾಖೆಯವರು ಹಳೆಯ ಬಾವಿಯೊಂದರ ಹೂಳೆತ್ತಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. 2002ರಲ್ಲಿ ಅದೇ ಊರಿನಲ್ಲಿ ಸುಮಾರು 160 ಸಿಕ್ಕಿದ್ದವು. ಟಿಪ್ಪು ಕಾಲದವೆಂದು ಗುರುತಿಸಿದ ಇವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸೇರಿದವು. 1763ರಲ್ಲಿ ಕೆಳದಿ ಅರಸರಿಂದ ಬಿದನೂರನ್ನು ಕಸಿದುಕೊಂಡ ಹೈದರಾಲಿ ಅದಕ್ಕೆ ತನ್ನ ಹೆಸರಿಟ್ಟು, ಟಂಕಸಾಲೆಯನ್ನೂ ಆಯುಧಾಗಾರವನ್ನೂ ನಡೆಸಿದ ಊರು ಇದು. ರಾಕೆಟ್ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಇಂಥ ಮಳೆನಾಡಿನಲ್ಲಿ ಕಬ್ಬಿಣ ಇನ್ನೂರಕ್ಕೂ ಹೆಚ್ಚು ವರ್ಷ ಆಕಾರ ಬಿಡದೆ ಉಳಿದದ್ದರಲ್ಲಿ. ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯೂ ಬೇಕು. ಬಾವಿಯ ಹೂಳಿನಲ್ಲಿ ನೀರಿಗೆ ಬರವಿಲ್ಲ, ಗಾಳಿ ಮಾತ್ರ ಬಲು ಕಡಿಮೆ. ಅದೇ ಕೊಳವೆಗಳನ್ನು ನಗರದ ಯಾವುದಾದರೂ ಮನೆಯ ಗೋಡೆಗೆ ತೂಗುಹಾಕಿದ್ದರೆ ಈ ಹೊತ್ತಿಗೆ ಕೆಂಪು ಪುಡಿಯಾಗಿರುತ್ತಿದ್ದವು ಎನ್ನಲು ದೊಡ್ಡ ವಿಜ್ಞಾನ ಬೇಕಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ. ಹೊಸನಗರದ ಹುಲಿಕಲ್ ಅದರೊಡನೆ ಪೈಪೋಟಿಗೆ ನಿಂತಿದೆ. ಗಾಳಿಯ ತೇವ ಶೇಕಡ 60 ದಾಟಿತೆಂದರೆ ಬರಿಯ ಉಕ್ಕಿಗೆ ತುಕ್ಕು ಚುರುಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬೀಳುವ ಈ ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಕೋವಿ ಇಟ್ಟುಕೊಂಡವರು ಊರೂರಿಗೂ ಇದ್ದಾರೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಓದಿದವರಿಗಂತೂ ಕೋವಿಯಿಲ್ಲದ ಮಲೆನಾಡಿನ ಜಗಲಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಬಾಯಿಯಿಂದ ಮದ್ದು ಜಡಿಯುವ ಕೇಪಿನ ಕೋವಿ, ಹಿಂದಿನಿಂದ ತೋಟಾ ತುಂಬುವ ಒಂಟಿನಳಿಗೆ, ಜೋಡುನಳಿಗೆ: ಎಲ್ಲವೂ ಕಬ್ಬಿಣವೇ, ಎಲ್ಲಕ್ಕೂ ಮಳೆಗಾಲವೇ ಶತ್ರು.

ಈ ಶತ್ರುವಿನೊಡನೆ ಜಗತ್ತಿನ ಕೋವಿ ಕಸುಬು ನಡೆಸಿದ ಹೋರಾಟದ ಚರಿತ್ರೆ ಒಂದು ವಿಚಿತ್ರದಿಂದ ಶುರುವಾಗುತ್ತದೆ. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸಿಪಾಯಿಯ ಬಂದೂಕಿನ ನಳಿಗೆಗೆ ಯಾವ ಲೇಪವೂ ಇರಲಿಲ್ಲ. ಅದನ್ನು ಇಟ್ಟಿಗೆಪುಡಿ ಹಾಕಿ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಇಡಬೇಕಿತ್ತು. ಉಜ್ಜಿ ಉಜ್ಜಿ ನಳಿಗೆ ತೆಳ್ಳಗಾಗುತ್ತಿತ್ತು. ಬಿಸಿಲಿಗೆ ಮಿಂಚಿ ದೂರದ ವೈರಿಗೆ ಕಾಣುತ್ತಿತ್ತು. ಬೇಟೆಗಾರರೂ ರೈಫಲ್ ಪಡೆಗಳೂ ಮೊದಲು ಇದನ್ನು ಬಿಟ್ಟುಕೊಟ್ಟರು. 1800ರ ಸುಮಾರಿಗೆ ಬಂದ ಬೇಕರ್ ರೈಫಲ್‌ನ ನಳಿಗೆ ಕಂದು ಬಣ್ಣದ್ದು. ಮುಂದಿನ ದಶಕಗಳಲ್ಲಿ ಸೇನೆಯ ಉಳಿದ ಬಂದೂಕುಗಳಿಗೂ ಅದೇ ಬಣ್ಣ ಬಂತು.

ಬ್ರೌನಿಂಗ್ ಎಂಬ ಈ ಕಂದು ಬಣ್ಣ ತುಕ್ಕಲ್ಲದೆ ಬೇರೇನೂ ಅಲ್ಲ. ಜಿಡ್ಡು ತೆಗೆದ ನಳಿಗೆಗೆ ಆಮ್ಲ, ಲವಣ ಬೆರೆತ ದ್ರವವನ್ನು ತೆಳ್ಳಗೆ ಸವರಿ, ತೇವದ ಜಾಗದಲ್ಲಿಟ್ಟು, ಬೇಕೆಂದೇ ತುಕ್ಕು ಹಿಡಿಸುತ್ತಿದ್ದರು. ಸಡಿಲವಾಗಿ ನಿಂತದ್ದನ್ನು ಬ್ರಷ್‌ನಿಂದ ಕೆರೆದು ಮತ್ತೆ ಸವರುವುದು, ಮತ್ತೆ ಕೆರೆಯುವುದು. ಹಲವು ಸುತ್ತಿನ ಮೇಲೆ ಲೋಹಕ್ಕೆ ಗಟ್ಟಿಯಾಗಿ ಅಂಟಿದ ನಯವಾದ ಪದರ ಉಳಿಯುತ್ತದೆ. ಬಿಸಿನೀರಿನಲ್ಲಿ ತೊಳೆದು ಆಮ್ಲವನ್ನು ಸಾಯಿಸಿ ಎಣ್ಣೆ ಹಚ್ಚಿದರೆ ಮುಗಿಯಿತು. ಮನೆಯ ಕಳ್ಳನನ್ನೇ ಕಾವಲಿಗೆ ನಿಲ್ಲಿಸಿದ ಹಾಗೆ.

ಇದರ ಮುಂದಿನ ಹೆಜ್ಜೆ ಬ್ಲೂಯಿಂಗ್. ಕೆಂಪು ತುಕ್ಕು ಹಿಡಿಸಿದ ನಳಿಗೆಯನ್ನು ಪ್ರತಿ ಸುತ್ತಿನಲ್ಲೂ ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಬದಲಾಗುತ್ತದೆ. ಅಯಸ್ಕಾಂತದ ಕಲ್ಲು ಮ್ಯಾಗ್ನೆಟೈಟ್ ಇರುತ್ತದಲ್ಲ, ಅದೇ ವಸ್ತು. ನೀಲಿ ಛಾಯೆಯ ಆ ಕಪ್ಪು ಕಣ್ಣಿಗೆ ಎಷ್ಟು ಚೆನ್ನವೆಂದರೆ, ಇವತ್ತಿಗೂ ಬೆಲೆಬಾಳುವ ಇಂಗ್ಲಿಷ್ ಕೋವಿಗಳಿಗೆ ಬೇರೆ ಬಣ್ಣ ಒಪ್ಪುವುದಿಲ್ಲ. ಆದರೆ ಪದರ ಬಲು ತೆಳ್ಳಗಿನದು, ತಾನಾಗಿ ನೀರನ್ನು ತಡೆಯದು. ಎಣ್ಣೆ ಆರಿದರೆ ಇದರ ಆಟ ಮುಗಿಯಿತು. ಬ್ಲೂ ಮಾಡಿದ ಕೋವಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ನಳಿಗೆಗಳನ್ನು ಕೊಂದಿದೆಯೋ.

ಒಂದು ನಳಿಗೆಗೆ ವಾರಗಟ್ಟಲೆ ಹಿಡಿಯುವ ಈ ಕೆಲಸ ಕಾರ್ಖಾನೆಗೆ ಹೊಂದಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಾಸ್ಟಿಕ್ ಸೋಡಾಕ್ಕೆ ನೈಟ್ರೇಟ್ ಬೆರೆಸಿ, ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿ, ಅದರಲ್ಲಿ ಅರ್ಧ ಗಂಟೆ ಮುಳುಗಿಸಿ ಕಪ್ಪು ಮಾಡುವ ವಿಧಾನ ಹರಡಿತು. ಅಗ್ಗ, ಬೇಗ, ಒಂದೇ ಸಮ. ಒಂಟಿನಳಿಗೆಗೆ ಇದರಿಂದ ತೊಂದರೆಯಿಲ್ಲ. ಜೋಡುನಳಿಗೆಗೆ ಇದು ವಿಷ. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿರುವುದು ಸಾಮಾನ್ಯವಾಗಿ ಸೀಸ–ತವರದ ಬೆಸುಗೆ. ಕುದಿಯುವ ಕ್ಷಾರ ಆ ಬೆಸುಗೆಯನ್ನೇ ತಿನ್ನುತ್ತದೆ. ಕೂಡಲೇ ಬಿಡದಿದ್ದರೂ ಪಟ್ಟಿಯ ಅಡಿಯಲ್ಲಿ ಸಿಕ್ಕಿಬಿದ್ದ ಉಪ್ಪು ವರ್ಷಗಟ್ಟಲೆ ಒಳಗಿನಿಂದ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ತಾತನ ಕಾಲದ ಜೋಡುನಳಿಗೆಗೆ ಹೊಸ ಬಣ್ಣ ಬೇಕೆಂದರೆ ಹಳೆಯ ನಿಧಾನದ ದಾರಿಯೇ ಸರಿ.

ಅಲಂಕಾರದ ಕವಲೂ ಈ ನಡುವೆ ಬೆಳೆದದ್ದುಂಟು. ಟಿಪ್ಪುವಿನ ಶ್ರೀರಂಗಪಟ್ಟಣದ ಕೋವಿಗಳ ನಳಿಗೆ ಮೇಲೆ ಚಿನ್ನ, ಬೆಳ್ಳಿ ಕೂರಿಸಿದ ಹುಲಿಯ ಪಟ್ಟೆಗಳು 1799ರ ಲೂಟಿಯ ನಂತರ ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದವು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳಿಗೆ ಬ್ರೌನಿಂಗ್ ಕೊಟ್ಟರೆ ಎರಡೂ ಲೋಹ ಬೇರೆ ಬೇರೆ ಬಣ್ಣ ಹಿಡಿದು ಸುರುಳಿ ಸುರುಳಿ ಚಿತ್ತಾರ ಎದ್ದುಬರುತ್ತದೆ. ಅದೇ ಚಿತ್ತಾರವನ್ನು ಸಾದಾ ನಳಿಗೆಯ ಮೇಲೆ ಬರೆದು ಮಾರಿದ ಯುರೋಪಿನ ವ್ಯಾಪಾರಿಗಳೂ ಇದ್ದರು. ನಿಕ್ಕಲ್ ಲೇಪ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಶೋಕಿ. ಒಂದು ಕಡೆ ಬಿರುಕು ಬಿಟ್ಟರೆ ತುಕ್ಕು ಅದರಡಿಯಲ್ಲಿ ಗುಟ್ಟಾಗಿ ಹರಡುತ್ತದೆ, ಮಲೆನಾಡಿಗೆ ಹೇಳಿಸಿದ್ದಲ್ಲ.

ಸೇನೆಗಳಿಗೆ ಬೇಕಾದದ್ದು ಅಂದವಲ್ಲ. 1906ರಲ್ಲಿ ಥಾಮಸ್ ವಾಟ್ಸ್ ಕಾಸ್ಲೆಟ್ ಎಂಬ ಇಂಗ್ಲಿಷಿನವನು ಫಾಸ್ಫಾರಿಕ್ ಆಮ್ಲದಿಂದ ಕಬ್ಬಿಣದ ಮೇಲೆ ಫಾಸ್ಫೇಟ್ ಪದರ ಬೆಳೆಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದನ್ನು ಬೆಳೆಸಿದ್ದು ಅಮೆರಿಕದ ಡೆಟ್ರಾಯಿಟ್‌ನಲ್ಲಿ 1915ರಲ್ಲಿ ಶುರುವಾದ ಪಾರ್ಕರ್ ಕಂಪನಿ. ಅದರಿಂದಲೇ ಪಾರ್ಕರೈಸಿಂಗ್ ಎಂಬ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಂದೂಕುಗಳು ಬೂದು ಬಣ್ಣಕ್ಕೆ ತಿರುಗಿದ್ದು ಇದರಿಂದ. ಒರಟು, ಹೊಳಪಿಲ್ಲದ ಈ ಪದರದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವು ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತವೆ. ಬ್ಲೂಯಿಂಗ್‌ನ ಮೇಲಿನ ಎಣ್ಣೆ ಒಂದು ಬಾರಿ ಕೈಯಾಡಿಸಿದರೆ ಹೋಗುತ್ತದೆ, ಇಲ್ಲಿ ಅಷ್ಟು ಸುಲಭಕ್ಕೆ ಹೋಗದು. ನನ್ನನ್ನು ಕೇಳಿದರೆ ಆಗುಂಬೆಯ ಮಳೆಗೆ ಇದೇ ತಕ್ಕ ಲೇಪ. ಆದರೆ ನಾಗರಿಕ ಬೇಟೆಕೋವಿಗಳ ಮಾರುಕಟ್ಟೆ ಹೊಳಪಿಗೇ ಮರುಳಾಗಿತ್ತು.

ಎಣ್ಣೆಯ ಮಾತಿಗೆ ಬಂದರೆ, ಮನೆಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಹಳತಾದಂತೆ ಅದು ಕಮಟಿ ಆಮ್ಲವಾಗುತ್ತದೆ, ಚಳಿಗಾಲದ ಬೆಳಗ್ಗೆ 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗಿ ಯಂತ್ರದ ಸಂದಿಗಳಲ್ಲಿ ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎಷ್ಟೋ ವಾಸಿ. ಇನ್ನು ರೆಕ್ಸಿನ್ ಚೀಲದೊಳಗೆ ಕೋವಿ ಇಟ್ಟು ಜಿಪ್ ಎಳೆಯುವುದೆಂದರೆ ತೇವವನ್ನು ಜೊತೆಗೇ ಕೂಡಿಹಾಕಿದಂತೆ. ಒಲೆಯ ಕಾವು ತಾಗುವ ಅಟ್ಟದಲ್ಲಿ ಬಾಳುವ ವಸ್ತುಗಳನ್ನು ಇಡುತ್ತಿದ್ದ ಹಿರಿಯರ ರೂಢಿಯ ಹಿಂದೆ ಒಳ್ಳೆಯ ರಸಾಯನಶಾಸ್ತ್ರವಿತ್ತು.

ರಸಾಯನಶಾಸ್ತ್ರದಲ್ಲಿ ನಮ್ಮದೇ ಇನ್ನೊಂದು ದ್ರವ್ಯವಿದೆ: ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು. ಅದರ ತುಂಬ ಟ್ಯಾನಿನ್. ಟ್ಯಾನಿನ್ ಕಬ್ಬಿಣದ ತುಕ್ಕಿಗೆ ತಗುಲಿದರೆ ನೀಲಿಗಪ್ಪು ಬಣ್ಣದ, ನೀರಿಗೆ ಕರಗದ ವಸ್ತುವಾಗುತ್ತದೆ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡಿದ ಹಳಬರಿಗೆ ಇದು ಗೊತ್ತಿತ್ತು. ಹೊರದೇಶದ ವಸ್ತುಸಂಗ್ರಹಾಲಯಗಳು ತುಕ್ಕು ಹಿಡಿದ ಪುರಾತನ ಕಬ್ಬಿಣಕ್ಕೆ ಟ್ಯಾನಿಕ್ ಆಮ್ಲ ಸವರಿ, ಮೇಲೆ ಮೇಣ ಹಚ್ಚಿ ಕಾಪಾಡುತ್ತವೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಎಷ್ಟೋ ತುಕ್ಕು ಪರಿವರ್ತಕಗಳ ಮೂಲವೂ ಇದೇ. ಕೃಷಿ, ತೋಟಗಾರಿಕೆ ಓದಿಸುವ ನಮ್ಮ ಕಾಲೇಜುಗಳಲ್ಲಿ ಯಾರಾದರೂ ಚೊಗರನ್ನು ಹಾರೆ, ಕತ್ತಿಗಳ ಮೇಲೆ ಕ್ರಮವಾಗಿ ಪರೀಕ್ಷಿಸಬಾರದೆ?

1980ರ ದಶಕದಿಂದ ಈಚೆಗೆ ಕೋವಿ ಲೇಪದ ಕಸುಬು ಬೇರೆ ದಿಕ್ಕು ಹಿಡಿಯಿತು. ಆಸ್ಟ್ರಿಯದ ಗ್ಲಾಕ್ ಪಿಸ್ತೂಲಿನಿಂದ ಹೆಸರಾದ ನೈಟ್ರೈಡಿಂಗ್‌ನಲ್ಲಿ ಉಕ್ಕಿನ ಚರ್ಮಕ್ಕೇ ಸಾರಜನಕ, ಇಂಗಾಲವನ್ನು ಇಳಿಸಲಾಗುತ್ತದೆ. ಇದಕ್ಕೆ ಬೇಕಾದ 500 ಡಿಗ್ರಿಗೂ ಮೀರಿದ ಕಾವಿಗೆ ಹಳೆಯ ಕೋವಿಯ ಬೆಸುಗೆ ನೀರಾಗುತ್ತದೆ. ಅಮೆರಿಕದ ಸೆರಾಕೋಟ್‌ನಂಥ ಸೆರಾಮಿಕ್–ಪಾಲಿಮರ್ ಲೇಪಗಳು ಸ್ಪ್ರೇ ಮಾಡಿ ಒಲೆಯಲ್ಲಿ ಬೇಯಿಸುವಂಥವು. ದಪ್ಪ ಸುಮಾರು 25 ಮೈಕ್ರಾನ್, ಕಾವು ಸುಮಾರು 120 ಡಿಗ್ರಿ. ಬೆಸುಗೆ ಕರಗಲು 180 ಡಿಗ್ರಿಗೂ ಮೇಲೆ ಬೇಕಾದ್ದರಿಂದ ಜೋಡುನಳಿಗೆಗೂ ಅಪಾಯವಿಲ್ಲ. ಬೇಕಾದ ಬಣ್ಣ, ಕಾಡಿನ ಎಲೆಯ ಚಿತ್ತಾರ, ಏನು ಕೇಳಿದರೂ ಉಂಟು. ಶೇಕಡ 5ರ ಉಪ್ಪುನೀರಿನ ಮಂಜಿನಲ್ಲಿ ಎಷ್ಟು ಗಂಟೆ ತಡೆಯಿತೆಂದು ಇವುಗಳ ಜಾಹೀರಾತು ಹೇಳುತ್ತದೆ. ನಮ್ಮ ಊರಿನ ಕಾಟ ಉಪ್ಪಿನ ಮಂಜಲ್ಲ. ನೆನೆದು ಆರಿ ಮತ್ತೆ ನೆನೆಯುವುದು, ಬೂಸ್ಟು, ಕೈಬೆವರು. ಗಂಟೆಗಳ ಆ ಲೆಕ್ಕವನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು.

ಇಲ್ಲಿ ಕಾನೂನೂ ಅಡ್ಡ ಬರುತ್ತದೆ. ಸೆರಾಮಿಕ್ ಲೇಪ ಹಿಡಿಯಬೇಕಾದರೆ ಮೊದಲು ಗಾಳಿಯ ಒತ್ತಡದಲ್ಲಿ ಹರಳುಪುಡಿ ಹೊಡೆದು ಲೋಹವನ್ನು ತರಿಯಾಗಿಸಬೇಕು. ಸವೆದ ಹಳೆಯ ನಳಿಗೆಯ ಮೇಲಿನ ನಂಬರು, ಪರೀಕ್ಷೆಯ ಮುದ್ರೆ ಇದರಿಂದ ಅಳಿಯಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೆಯ ಕಲಮು ಆ ಗುರುತುಗಳನ್ನು ಅಳಿಸುವುದನ್ನೇ ಅಪರಾಧವೆನ್ನುತ್ತದೆ. ರಿಪೇರಿ ಕಸುಬಿಗೂ ಲೈಸೆನ್ಸ್ ಬೇಕು, ಪಕ್ಕದ ಗ್ಯಾರೇಜಿನ ಪೇಂಟರ್ ಕೈಗೆ ಕೋವಿ ಕೊಡುವಂತಿಲ್ಲ. 2029ರವರೆಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವ ಕೊಡವರ ಕಥೆ ಬೇರೆ; ಶಿವಮೊಗ್ಗ ಜಿಲ್ಲೆಯ ರೈತನಿಗೆ ಆ ಅನುಕೂಲವಿಲ್ಲ.

ಇಷ್ಟೆಲ್ಲ ಹೊರಮೈಯ ಮಾತಾಯಿತು. ಕೋವಿ ಸಾಯುವುದು ಒಳಗಿನಿಂದ. ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದ ಮೇಲೆ ಅಡುಗೆ ಉಪ್ಪಿನ ಸೋದರನೊಂದು ನಳಿಗೆಯೊಳಗೆ ಉಳಿಯುತ್ತದೆ. ಕರಿಮದ್ದಿನ ಮಸಿಯೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗದು. ಈಡು ಹೊಡೆದು ಬಂದು ಎಣ್ಣೆಬಟ್ಟೆ ತೂರಿಸಿ ಇಟ್ಟವನು ಉಪ್ಪನ್ನು ಎಣ್ಣೆಯಡಿ ಮುಚ್ಚಿಟ್ಟಿರುತ್ತಾನೆ, ಅಷ್ಟೆ. ಮೊದಲು ಬಿಸಿನೀರು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ: ಬ್ರಿಟಿಷ್ ಸೇನೆಯಲ್ಲೂ ಇದೇ ಕ್ರಮವಿತ್ತು. 1920ರ ದಶಕದಲ್ಲಿ ಜರ್ಮನಿಯಲ್ಲಿ ತುಕ್ಕು ತಾರದ ಕೇಪುಮದ್ದು ಬಂತು. ಎರಡನೆಯ ಮಹಾಯುದ್ಧದ ನಂತರ ಸೇನಾ ಬಂದೂಕುಗಳ ನಳಿಗೆಯೊಳಗೆ ಕ್ರೋಮಿಯಂ ಪದರ ರೂಢಿಯಾಯಿತು. ಎರಡರ ಪ್ರಯೋಜನವೂ ಹಳೆಯ ಕೇಪಿನ ಕೋವಿಗೆ ತಲುಪಲಿಲ್ಲ. ಹಂದಿ ಬಂದೀತೆಂದು ಈಡು ತುಂಬಿಟ್ಟು ಮಳೆಗಾಲ ಕಳೆದರೆ ಬುಡದಲ್ಲಿ ಮದ್ದು ತೇವ ಹೀರಿ ಗುಳಿ ಕೊರೆಯುತ್ತದೆ; ಹೊರಗೆ ನಳಿಗೆ ಫಳಫಳ ಹೊಳೆಯುತ್ತಿದ್ದರೂ ಮುಂದಿನ ಗುಂಡಿಗೆ ಅದೇ ಜಾಗ ಸಿಡಿಯಬಹುದು.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸುವ ರೂಢಿಯಲ್ಲೂ ಇದನ್ನು ನೆನಪಿಡಬೇಕು. ವಾರಗಟ್ಟಲೆ ಯಾರೂ ಮುಟ್ಟದೆ ನಿಲ್ಲುವ ಕೋವಿಗೆ, ಕೊಡುವ ಮುಂಚೆ ನಳಿಗೆಯೊಳಗೆ ತೊಳೆದು ಒಣಗಿಸಿ ತುಸು ದಪ್ಪಗೆ ಗ್ರೀಸ್ ಹಚ್ಚಿಡುವುದು, ವಾಪಸು ತಂದ ದಿನವೇ ಅದನ್ನು ಪೂರಾ ಒರೆಸಿ ತೆಗೆಯುವುದು. ಗ್ರೀಸ್ ಉಳಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ಒತ್ತಡ ಏರುತ್ತದೆ.