ಕೋಠಿಯ ಕಂಬಗಳು

ಹಳೆಯ ಕಚೇರಿ, ಕೋರ್ಟು, ಕಾಲೇಜುಗಳ ಮುಂದೆ ಎತ್ತರದ ದುಂಡು ಕಂಬಗಳ ಸಾಲನ್ನೂ ಅವುಗಳ ಮೇಲೆ ತ್ರಿಕೋನಾಕಾರದ ಮುಂಭಾಗವನ್ನೂ ನಾವು ನೋಡಿರುತ್ತೇವೆ. ಇಂಥ ಮುಖಮಂಟಪಕ್ಕೆ ‘ಪೋರ್ಟಿಕೊ’ ಎಂದು ಹೆಸರು. ಇದರ ಮೂಲ ಪ್ರಾಚೀನ ಗ್ರೀಸ್ ಮತ್ತು ರೋಮ್.

ಗ್ರೀಕರು ದೊಡ್ಡ ದೇವಾಲಯಗಳ ನಾಲ್ಕೂ ಕಡೆ ಕಂಬಗಳನ್ನು ನಿಲ್ಲಿಸುತ್ತಿದ್ದರು. ಕ್ರಿ.ಪೂ. 447ರಲ್ಲಿ ಆರಂಭವಾದ ಅಥೆನ್ಸ್‌ನ ಪಾರ್ಥೆನಾನ್ ಇದಕ್ಕೆ ಉದಾಹರಣೆ. ರೋಮನ್ನರು ಸಾಮಾನ್ಯವಾಗಿ ಎತ್ತರದ ಕಟ್ಟೆಯ ಮೇಲೆ ದೇವಾಲಯ ಕಟ್ಟಿ, ಮೆಟ್ಟಿಲು ಮತ್ತು ಮಂಟಪಗಳನ್ನು ಮುಂದೆ ಮಾತ್ರ ಇಟ್ಟರು. ಬರುವವನು ಒಂದೇ ದಿಕ್ಕಿನಿಂದ, ತಲೆ ಎತ್ತಿ ನೋಡುತ್ತಲೇ ಹತ್ತಬೇಕು. ಎರಡನೆಯ ಶತಮಾನದಲ್ಲಿ ಚಕ್ರವರ್ತಿ ಹೇಡ್ರಿಯನ್ ಕಾಲಕ್ಕೆ ಪೂರ್ಣಗೊಂಡ ರೋಮಿನ ಪ್ಯಾಂಥಿಯಾನ್ ಮಂಟಪದಲ್ಲಿ 16 ಕಂಬಗಳಿವೆ. ಒಂದೊಂದೂ ಈಜಿಪ್ಟಿನಿಂದ ತಂದ ಏಕಶಿಲೆ. ದೂರದ ದೇಶದ ಕಲ್ಲನ್ನು ತರಿಸಿ ನಿಲ್ಲಿಸುವುದೇ ಅಧಿಕಾರದ ಪ್ರದರ್ಶನವಾಗಿತ್ತು.

ಈ ಪಾಠವನ್ನು ಬ್ರಿಟಿಷರು ಚೆನ್ನಾಗಿ ಕಲಿತರು. ಹೈದರಾಬಾದಿನ ಕೋಠಿಯಲ್ಲಿ ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ 1803ರ ಸುಮಾರಿಗೆ ರೆಸಿಡೆನ್ಸಿ ಭವನವನ್ನು ಕಟ್ಟಿಸತೊಡಗಿದ. ನಕ್ಷೆ ಸ್ಯಾಮ್ಯುಯೆಲ್ ರಸೆಲ್‌ನದು. ಹಣ ನಿಜಾಮರ ಬೊಕ್ಕಸದ್ದು. ಅಗಲವಾದ ಮೆಟ್ಟಿಲುಗಳು, ಎಲೆಗಳ ಕೆತ್ತನೆ ಹೊತ್ತ ಆರು ಕೊರಿಂಥಿಯನ್ ಕಂಬಗಳು, ಮೇಲಿನ ತ್ರಿಕೋನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ. ರೂಪ ರೋಮಿನದಾದರೂ ಕಟ್ಟಿದ್ದು ನಮ್ಮ ನೆಲದ ಇಟ್ಟಿಗೆ ಮತ್ತು ಗಚ್ಚುಗಾರೆಯಿಂದ.

ನಮ್ಮ ಭಾಗಕ್ಕೂ ಈ ಭವನಕ್ಕೂ ನೇರ ಸಂಬಂಧವಿದೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇಲ್ಲಿನ ರೆಸಿಡೆಂಟರ ಅಧೀನದಲ್ಲಿದ್ದ. 1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾಉದ್ದೀನ್ ನೇತೃತ್ವದಲ್ಲಿ ಹೋರಾಟಗಾರರು ಇದೇ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದುನಿಂತ. ಎರಡೂ ಕಡೆ ಸೋಲಾಯಿತು. ತುರ್ರೆಬಾಜ್ ಖಾನ್ ಹತನಾದ. ಮೌಲ್ವಿಯವರನ್ನು ಅಂಡಮಾನಿಗೆ ಕಳುಹಿಸಲಾಯಿತು.

ಆದರೆ ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. 1947ರಲ್ಲಿ ಬ್ರಿಟಿಷರು ಹೋದರು. 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಈ ಆವರಣಕ್ಕೆ ಬಂತು. 2022ರಲ್ಲಿ ಆ ಕಾಲೇಜೇ ಮಹಿಳಾ ವಿಶ್ವವಿದ್ಯಾಲಯವಾಯಿತು. ಜನರನ್ನು ಅಂಜಿಸಲೆಂದು ಕಟ್ಟಿದ ಮೆಟ್ಟಿಲುಗಳನ್ನು ಸಾಮಾನ್ಯ ಮನೆಗಳ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಹತ್ತಿದರು.

ವಿದ್ಯಾರ್ಥಿ ಮಿತ್ರರೇ, ಹೈದರಾಬಾದಿಗೆ ಹೋದಾಗ ಕೋಠಿಯ ಈ ಕಂಬಗಳನ್ನು ತಪ್ಪದೆ ನೋಡಿ. ಯಾರು ಕಟ್ಟಿಸಿದರು ಎಂದಷ್ಟೇ ಕೇಳಬೇಡಿ; ಆ ಬಾಗಿಲು ಯಾರಿಗೆ ತೆರೆಯಿತು ಎಂಬುದನ್ನೂ ಕೇಳಿ.