ಭತ್ತದ ಗದ್ದೆಯ ಪಟ್ಟೆ ಮೀನು

ಮಕ್ಕಳೇ, ಪೆಟ್ ಶಾಪ್‌ನಲ್ಲಿ ಕಿರುಬೆರಳಿಗಿಂತ ಚಿಕ್ಕದಾದ, ಮೈಮೇಲೆ ಉದ್ದುದ್ದ ನೀಲಿ ಪಟ್ಟೆಗಳಿರುವ ಮೀನನ್ನು ನೀವು ನೋಡಿರಬಹುದು. ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಅದೇ ಜೀಬ್ರಾ ಮೀನು. ಅದರ ತವರು ಗಾಜಿನ ತೊಟ್ಟಿಯಲ್ಲ. ಗಂಗಾ ಬಯಲಿನ ಭತ್ತದ ಗದ್ದೆ, ಕೆರೆ, ಮೆಲ್ಲಗೆ ಹರಿಯುವ ಹಳ್ಳ.

ಇದನ್ನು ಮೊದಲು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವನು ನಮ್ಮ ಊರುಗಳನ್ನೂ ಸುತ್ತಿದ್ದವನು. ಹೆಸರು ಫ್ರಾನ್ಸಿಸ್ ಬುಕನನ್, ಸ್ಕಾಟ್ಲೆಂಡಿನ ವೈದ್ಯ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅವನನ್ನು ಮೈಸೂರು, ಕೆನರಾ, ಮಲಬಾರ್ ಸೀಮೆಗಳಿಗೆ ಕಳುಹಿಸಿತು. ಬೆಳೆ ಯಾವುದು, ನೇಯ್ಗೆ ಹೇಗೆ, ಕಂದಾಯ ಎಷ್ಟು ಎಂದು ಊರೂರಲ್ಲಿ ಕೇಳಿ ಬರೆದುಕೊಂಡ. (ಗೆದ್ದ ನಾಡಿನ ಲೆಕ್ಕ ಕಂಪನಿಗೆ ಬೇಕಿತ್ತು, ಜ್ಞಾನಕ್ಕಾಗಿ ಮಾತ್ರ ಅಲ್ಲ!) ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅದೇ ವರ್ಷ ಬಂಗಾಳದ ಸಮೀಕ್ಷೆ ಅವನ ಹೆಗಲೇರಿತು. ಅಲ್ಲಿ ಮೀನುಗಳ ಹುಚ್ಚು ಹಿಡಿಯಿತು. ಸ್ಥಳೀಯರು ಕರೆಯುವ ಹೆಸರುಗಳನ್ನೇ ಲ್ಯಾಟಿನ್‌ಗೆ ಹೊಂದಿಸಿಕೊಳ್ಳುವುದು ಅವನ ರೂಢಿ. ಹಾಗೆ ಕೋಸಿ ನದಿಯ ಈ ಪುಟ್ಟ ಮೀನು 'ಡ್ಯಾನಿಯೊ ರೇರಿಯೊ' ಆಯಿತು. 'ಡ್ಯಾನಿಯೊ' ಬಂದದ್ದು ಬಂಗಾಳಿಯ 'ಧಾನಿ'ಯಿಂದ ಎನ್ನುತ್ತಾರೆ. ಧಾನ್ ಎಂದರೆ ಭತ್ತ, ನಮ್ಮ 'ಧಾನ್ಯ'ದ ನೆಂಟ. ಆ ಹೆಸರು ಹೇಳಿಕೊಟ್ಟ ಬೆಸ್ತರು ಯಾರೋ! 1815ರಲ್ಲಿ ಅವನು ಊರಿಗೆ ಹೊರಟಾಗ, ಬರೆಸಿದ್ದ ಚಿತ್ರಗಳ ಸಂಗ್ರಹವನ್ನು ಒಯ್ಯಲು ಗವರ್ನರ್ ಜನರಲ್ ಬಿಡಲಿಲ್ಲ. ಆದರೂ 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ಎಡಿನ್‌ಬರೋದಲ್ಲಿ ಹೊರಬಂತು.

ಮುಂದೆ ಈ ಮೀನು ಅಲಂಕಾರಕ್ಕೆಂದು ದೇಶದೇಶ ತಲುಪಿತು. ಅಮೆರಿಕದ ಒರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಪೆಟ್ ಶಾಪ್‌ನ ಮೀನುಗಳನ್ನೇ ತಂದು ಸಾಕಿದರು. 1981ರಲ್ಲಿ ಅವರ ಪ್ರಬಂಧ ಪ್ರಕಟವಾದ ಮೇಲೆ ಬೇರೆಯವರೂ ಹಿಂಬಾಲಿಸಿದರು. ಕಾರಣ ಸರಳ: ಇದರ ಮೊಟ್ಟೆ ಗಾಜಿನಂತೆ ಪಾರದರ್ಶಕ. ಒಂದೇ ಜೀವಕೋಶದಿಂದ ಶುರುವಾಗಿ, ಸುಮಾರು ಒಂದು ದಿನದಲ್ಲಿ ಹೃದಯ ಬಡಿಯತೊಡಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಇನ್ನೂ ಅಚ್ಚರಿ ಬೇಕೇ? ಹೃದಯದ ಮುಖ್ಯ ಕೋಣೆಯ ಐದನೇ ಒಂದು ಭಾಗ ಕತ್ತರಿಸಿದರೂ ಸುಮಾರು ಎರಡು ತಿಂಗಳಲ್ಲಿ ಅದು ಮತ್ತೆ ಬೆಳೆಯುತ್ತದೆಂದು 2002ರಲ್ಲಿ ತಿಳಿಯಿತು. ನಮ್ಮ ಹೃದಯಕ್ಕೆ ಆ ಶಕ್ತಿಯಿಲ್ಲ.

ಆದರೆ ಗದ್ದೆಯ ಮೀನು ಹೇಗೆ ಬದುಕುತ್ತದೆಂದು ನೋಡಲು ಹೋದವರು ಬಹಳ ಕಡಿಮೆ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ಗುರುತು ಜೀನುಗಳಲ್ಲಿ ಎಲ್ಲಿದೆಯೆಂದು ಪ್ರಯೋಗಾಲಯದ ತಳಿಗಳಲ್ಲಿ ವರ್ಷಗಟ್ಟಲೆ ಹುಡುಕಿದರು. ಸ್ಪಷ್ಟ ಉತ್ತರ ಸಿಗಲಿಲ್ಲ. 2014ರಲ್ಲಿ ಕಾಡುತಳಿಗಳನ್ನು ಪರೀಕ್ಷಿಸಿದಾಗ ಅದು ನಾಲ್ಕನೇ ವರ್ಣತಂತುವಿನಲ್ಲಿ ಕಂಡಿತು. ತೊಟ್ಟಿಗಳಲ್ಲಿ ತಲೆಮಾರುಗಳ ಕಾಲ ಬೆಳೆದ ಮೀನುಗಳು ಅದನ್ನು ಕಳೆದುಕೊಂಡಿದ್ದವು. ಗದ್ದೆ, ಹಳ್ಳಗಳ ಮೀನುಗಳಲ್ಲಿ ಅದು ಹಾಗೆಯೇ ಇತ್ತು.