ಹಳೆಯ ಯಂತ್ರಕ್ಕೆ ಒತ್ತಕ್ಷರ ಕಲಿಸಿದ ಕಥೆ

ಹಳೆಯದೆಂದ ಮಾತ್ರಕ್ಕೆ ಎಸೆದುಬಿಡುವ ರೂಢಿ ನಮ್ಮ ಹೊಸಪೇಟೆಯ ಕಡೆ ಮೊದಲಿನಿಂದಲೂ ಕಡಿಮೆ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಹಂಪಿಯ ಬಾಳೆತೋಟಗಳಿಗೆ ತುರ್ತು ಕಾಲುವೆ, ಕಂಪ್ಲಿಯ ಗದ್ದೆಗಳಿಗೆ ಕಂಪ್ಲಿ ಕಾಲುವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದು ನಿಂತಾಗ ರಾಯ, ಬಸವಣ್ಣ ಕಾಲುವೆಗಳನ್ನು ಮುಚ್ಚಲಿಲ್ಲ; ಹೊಸ ಜಲಾಶಯದಿಂದಲೇ ಅವುಗಳಿಗೆ ನೀರು ಬಿಟ್ಟರು. ಹೊಸದು ಹಳೆಯದಕ್ಕೆ ಹೊಂದಬೇಕಾದರೆ ನಡುವೆ ಒಂದು ತೂಬು ಬೇಕು, ಅದನ್ನು ಎತ್ತಿ ಇಳಿಸಬಲ್ಲ ಕೈಯೂ ಬೇಕು. ನಾನಿಲ್ಲಿ ಹೇಳಹೊರಟಿರುವುದು ಅಂಥದೇ ಇನ್ನೊಂದು ತೂಬಿನ ಕಥೆ. ಅದು ನೀರಿನದಲ್ಲ, ಕಂಪ್ಯೂಟರಿಗೆ ಹರಿದು ಬಂದ ಕನ್ನಡದ್ದು.

ಕಂಪ್ಯೂಟರ್ ಎಂದೊಡನೆ ಪುಟ ತಿರುವಬೇಡಿ. ನಮ್ಮ ಅಡುಗೆಮನೆಗೆ ಹೊರತಾದ ತತ್ವ ಇದರಲ್ಲಿ ಏನೂ ಇಲ್ಲ. ಪ್ರತಿ ಕಂಪ್ಯೂಟರಿನೊಳಗೂ ಮನೆಯ ಹಿರಿಸೊಸೆಯಂತೆ ಒಂದು ವ್ಯವಸ್ಥೆ ಇರುತ್ತದೆ. ಯಾವ ಡಬ್ಬಿಯಲ್ಲಿ ಏನಿದೆ, ಯಾರಿಗೆ ಮೊದಲು ಬಡಿಸಬೇಕು ಎಂಬುದೆಲ್ಲ ಅವಳಿಗೇ ಗೊತ್ತು. ಅವಳನ್ನೇ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್ 98, ವಿಂಡೋಸ್ ಎಕ್ಸ್‌ಪಿ ಎಂಬುವೆಲ್ಲ ಆ ಸೊಸೆಯ ಹೆಸರುಗಳು. ಅವಳು ಕಾಣದ ನೆಂಟರು ಬಾಗಿಲಿಗೆ ಬಂದರೆ ಪರಿಚಯದ ಚೀಟಿ ತಂದಿರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಆ ಚೀಟಿಯ ಹೆಸರು ಡ್ರೈವರ್.

ನಮ್ಮ ಶಾಲೆಗೆ 2003ರಲ್ಲಿ ದಾನಿಗಳೊಬ್ಬರಿಂದ ಎರಡು ಕಂಪ್ಯೂಟರ್ ಬಂದವು. ಎರಡರಲ್ಲೂ ವಿಂಡೋಸ್ 98. ಮರುವರ್ಷ ಒಂಬತ್ತನೇ ತರಗತಿಯ ಹುಡುಗಿಯರಿಗೆ ನಾನೊಂದು ಕೆಲಸ ಕೊಟ್ಟೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಅವರು ಹಾಡುವ ಬೀಸುವ ಪದ, ಸೋಬಾನೆ ಪದ ಬರೆದುಕೊಂಡು ಬನ್ನಿ ಎಂದೆ. ಕಂಪ್ಲಿಯಿಂದ, ಸಂಡೂರಿನ ಹಳ್ಳಿಗಳಿಂದ, ಹಂಪಿಯ ಸುತ್ತಲಿನಿಂದ ಒಟ್ಟು ಅರವತ್ತಮೂರು ಹಾಡು ಬಂದವು. ಮಕ್ಕಳೇ ಸರದಿಯಂತೆ ಕೂತು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದರು.

ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೆಂದರೆ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದಂತೆ. ಅಕ್ಷರಗಳನ್ನಿಡಲು ಆ ಯಂತ್ರಗಳಲ್ಲಿ ಇದ್ದದ್ದು 256 ಗೂಡು ಮಾತ್ರ. ಅವು ಇಂಗ್ಲಿಷಿಗೂ ಅದರ ನೆಂಟ ಲಿಪಿಗಳಿಗೂ ಮೀಸಲು. ನಮ್ಮವರು ಉಪಾಯ ಹುಡುಕಿದರು. ಅದೇ ಗೂಡುಗಳಲ್ಲಿ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ತುಣುಕುಗಳನ್ನಿಟ್ಟು ಫಾಂಟು ಮಾಡಿದರು. ತುಣುಕು ಜೋಡಿಸಿದರೆ ಕಣ್ಣಿಗೆ ಕನ್ನಡ. ಆದರೆ ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷೇ! ಆ ಫಾಂಟು ಇಲ್ಲದ ಇನ್ನೊಂದು ಕಂಪ್ಯೂಟರಿಗೆ ಕಡತ ಒಯ್ದರೆ ಅಜ್ಜಿಯ ಹಾಡು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತಿತ್ತು.

ಹಾಗೆಂದು ಆ ಉಪಾಯವನ್ನು ಹಗುರವಾಗಿ ಕಾಣಬಾರದು. ಕನ್ನಡ ಟೈಪ್‌ರೈಟರಿಗೆ ಅನಂತಸುಬ್ಬರಾಯರು ಕೀಲಿಮಣೆ ರೂಪಿಸಿಕೊಟ್ಟಂತೆ, ಕಂಪ್ಯೂಟರಿಗೆ ಕೆ.ಪಿ. ರಾವ್ ಅವರು ನಮ್ಮ ವರ್ಣಮಾಲೆಯ ತರ್ಕಕ್ಕೆ ಒಪ್ಪುವ ವಿನ್ಯಾಸ ಕೊಟ್ಟರು. ವ್ಯಂಜನ ಒತ್ತಿ ಸ್ವರ ಒತ್ತಿದರೆ ಕಾಗುಣಿತ ತಾನೇ ಮೂಡುತ್ತದೆ. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡ ಅಡಗಿತು. ಅದನ್ನವರು ತಮ್ಮ ಸ್ವತ್ತೆಂದು ಕಟ್ಟಿಟ್ಟುಕೊಳ್ಳಲಿಲ್ಲ, ನಾಡಿಗೆ ಬಿಟ್ಟುಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಸರ್ಕಾರವೇ ಜನರಿಗೆ ಉಚಿತವಾಗಿ ಕೊಟ್ಟಿತು. ಹಳೆಯ ವಿಂಡೋಸಿಗೆ ಕನ್ನಡ ತಿಳಿಯದಿದ್ದರೂ ಅದರ ಕೈಯಲ್ಲಿ ಕನ್ನಡ ಬರೆಸಿದವರು ಇವರು.

ಸ್ವಂತ ಮನೆಯ ಬುನಾದಿ ಮಾತ್ರ ಬೇರೆ ಕಡೆ ಬಿದ್ದಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಇರಲೆಂದು ಯುನಿಕೋಡ್ ಎಂಬ ಏರ್ಪಾಡು ಹುಟ್ಟಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಗೂಡುಗಳ ಸ್ವಂತ ಸಾಲು ದೊರೆಯಿತು. ಇಲ್ಲಿ ಕೂಡಿಡುವುದು ತುಣುಕನ್ನಲ್ಲ, ಅಕ್ಷರವನ್ನು. ಅಕ್ಷರಗಳನ್ನು ಕೂಡಿಸಿ ಒತ್ತು ಮಾಡುವುದು ಯಂತ್ರದ ಪಾಲಿನ ಕೆಲಸ. ಆ ವಿದ್ಯೆ ಯಂತ್ರಕ್ಕೆ ಬರಲು ಮತ್ತೆ ಹತ್ತು ವರ್ಷ ಹಿಡಿಯಿತು. ವಿಂಡೋಸ್ 2000ಕ್ಕೆ ದೇವನಾಗರಿ, ತಮಿಳು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ಕನ್ನಡ ಬಂತು. ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ನಮ್ಮ ಹೊಳೆಯ ಅರ್ಧ ಹೆಸರು!

2012ರಲ್ಲಿ ಶಾಲೆಯ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮಾತು ಬಂತು. ಹುಡುಗಿಯರು ಕೈಯಲ್ಲಿ ಬರೆದಿದ್ದ ನೋಟ್‌ಬುಕ್ಕುಗಳಲ್ಲಿ ಅರ್ಧದಷ್ಟನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು. ಹಾಡಿದ ಅಜ್ಜಿಯರಲ್ಲಿ ಹಲವರು ತೀರಿಹೋಗಿದ್ದರು. ಎಲ್ಲ ಹಾಡೂ ಉಳಿದಿದ್ದದ್ದು ಆ ಒಂದು ವಿಂಡೋಸ್ 98ರ ಹೊಟ್ಟೆಯಲ್ಲಿ. ಫ್ಲಾಪಿ ಓದುವ ಭಾಗ ಧೂಳು ಹಿಡಿದು ನಿಂತಿತ್ತು. ಪೆನ್‌ಡ್ರೈವ್ ಚುಚ್ಚಿದರೆ ಯಂತ್ರ ಪರಿಚಯದ ಚೀಟಿ ಕೇಳುತ್ತಿತ್ತು. ಗುಜರಿಯವನು ಸೋಮವಾರ ಬರುವವನಿದ್ದ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಲ್ಲಿ ಡಿಟಿಪಿ ಅಂಗಡಿ ನಡೆಸುತ್ತಾಳೆ. ಹೇಳಿಕಳಿಸಿದೆ. ಬಂದು ನೋಡಿ, "ಟೀಚರ್, ಇದೇನೂ ಕೆಟ್ಟಿಲ್ರಿ. ಪೆನ್‌ಡ್ರೈವ್ ಅಂದ್ರೇನು ಅಂತ ಇದಕ್ಕೆ ಗೊತ್ತಿಲ್ಲ, ಅಷ್ಟೆ" ಅಂದಳು. ವಿಂಡೋಸ್ 98ಕ್ಕೆ ಒಪ್ಪುವ ಡ್ರೈವರನ್ನು ಅಂಗಡಿಯಲ್ಲಿ ಸಿಡಿಗೆ ಇಳಿಸಿಕೊಂಡು ಬಂದು ಹಾಕಿದಳು. ಒಮ್ಮೆ ಆರಿಸಿ ಹೊತ್ತಿಸಿದ ಮೇಲೆ ಯಂತ್ರ ಹೊಸ ನೆಂಟನನ್ನು ಗುರುತಿಸಿತು. ಅರವತ್ತಮೂರು ಹಾಡೂ ಉಗುರಿನಷ್ಟು ಸಾಮಾನಿನೊಳಗೆ ಬಂದು ಕೂತವು.

ಅಲ್ಲಿಗೆ ಅರ್ಧ ದಾರಿ. ಕಚೇರಿಯ ಎಕ್ಸ್‌ಪಿ ಯಂತ್ರದಲ್ಲಿ ಆ ಕಡತಗಳನ್ನು ಯುನಿಕೋಡಿಗೆ ಬದಲಿಸಿದಾಗ ಪರದೆಯ ಮೇಲೆ ಅಕ್ಷರಗಳೇನೋ ಮೂಡಿದವು, ಒತ್ತುಗಳು ಮಾತ್ರ ಕೂಡಿಕೊಳ್ಳಲಿಲ್ಲ. ಅಜ್ಜಿಯ ಜ ಒಂದು ಕಡೆ, ಜಿ ಒಂದು ಕಡೆ. ಎಕ್ಸ್‌ಪಿಗೆ ಕನ್ನಡ ಬರುತ್ತಿತ್ತಾದರೂ ಆ ವಿದ್ಯೆಯನ್ನು ಅದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡಿರುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಮುಂದೆ ಗುರುತು ಹಾಕಿ, ಎಕ್ಸ್‌ಪಿಯ ಮೂಲ ಸಿಡಿ ತುರುಕಬೇಕು. ಆ ಸಿಡಿಗಾಗಿ ಬೀರು, ಟ್ರಂಕು ಎಲ್ಲ ತಡಕಿದೆವು. ಕೊನೆಗೆ ಪ್ರಶ್ನೆಪತ್ರಿಕೆಗಳ ಕಟ್ಟಿನ ಅಡಿಯಲ್ಲಿ ಸಿಕ್ಕಿತು. ಯಂತ್ರ ಮತ್ತೆ ಹೊತ್ತಿದಾಗ ಒತ್ತುಗಳೆಲ್ಲ ತಮ್ಮ ತಮ್ಮ ಜಾಗ ಸೇರಿದ್ದವು.

ಬದಲಿಸುವ ತಂತ್ರಾಂಶವೂ ಎಲ್ಲವನ್ನೂ ಬಲ್ಲದ್ದಲ್ಲ. ಕನ್ನಡ ಮೇಷ್ಟರಿಗೆ ಇದು ಸ್ವಾರಸ್ಯದ ವಿಷಯ. "ಸೂರ್ಯ" ಎಂದು ಬರೆಯುವಾಗ ನಾವು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಉಚ್ಚರಿಸುವಾಗ ಮಾತ್ರ ರ್ ಮೊದಲು, ಯ ಆಮೇಲೆ. ಹಳೆಯ ಫಾಂಟುಗಳು ಬರೆದ ಕ್ರಮವನ್ನು ಕೂಡಿಟ್ಟವು, ಯುನಿಕೋಡು ನುಡಿದ ಕ್ರಮವನ್ನು ಕೂಡಿಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅಲ್ಲಲ್ಲಿ ಎಡವುವುದು ಸಹಜ. ಮೂರು ಭಾನುವಾರ ಕೂತು, ಗೆದ್ದಲು ಬಿಟ್ಟ ನೋಟ್‌ಬುಕ್ಕುಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲನ್ನೂ ಬಾಯಿಬಿಟ್ಟು ಓದಿ ತಿದ್ದಿದೆವು. ಆ ಕೆಲಸಕ್ಕೆ ಯಂತ್ರಕ್ಕಿಂತ ಕಿವಿಯೇ ಹೆಚ್ಚು ನೆರವಾಯಿತು.

ಹಳೆಯ ಯಂತ್ರವನ್ನು ದುಡಿಸುವುದು ಬಡತನದ ಗುರುತೆಂದು ಕೆಲವರು ನಗುತ್ತಾರೆ. ಸಂಡೂರು ದಾರಿಯ ವೇಬ್ರಿಜ್ ಒಂದರಲ್ಲಿ ಅದಿರು ಲಾರಿಯ ತೂಕ ಬರೆದುಕೊಳ್ಳುತ್ತಿದ್ದ ಹಳೆಯ ಕಂಪ್ಯೂಟರನ್ನು ನಾನೇ ನೋಡಿದ್ದೇನೆ. ತೂಕದ ಯಂತ್ರದ ತಂತಿಗೆ ಬೇಕಾದ ಅಗಲ ಮೂತಿ ಹೊಸ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ನಡುವೆ ಜೋಡಿಸಲು ಬೇರೆ ತಂತಿ ಸಿಗುತ್ತದೆ. ಹಳೆಯ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿದ ಹಾಗೆ. ಆದರೆ ವಾಲ್ವು ಹೋದ ಕುಕ್ಕರನ್ನು ಒಲೆಗೇರಿಸಬಾರದು ಎಂಬುದೂ ನಮಗೆ ಗೊತ್ತು. ಎಕ್ಸ್‌ಪಿಗೆ ಅದರ ಕಂಪನಿ 2014ರ ಏಪ್ರಿಲ್ 8ರಂದು ರಕ್ಷಣೆ ನಿಲ್ಲಿಸಿತು. ಅಂಥ ಯಂತ್ರದಲ್ಲಿ ಬರೆಯಿರಿ, ಓದಿರಿ. ಇಂಟರ್ನೆಟ್ಟಿಗೆ ಸೇರಿಸಿ ಬ್ಯಾಂಕಿನ ವ್ಯವಹಾರ ಮಾತ್ರ ಬೇಡ.

ಇಂದು ಮೊಬೈಲಿನಲ್ಲಿ ಮೊಮ್ಮಕ್ಕಳು ಕನ್ನಡದಲ್ಲಿ ಬರೆಯುವಾಗ ಒತ್ತು ತಾನಾಗಿಯೇ ಒತ್ತಾಗುತ್ತದೆ. ಅದರ ಹಿಂದಿನ ಇಷ್ಟೆಲ್ಲ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳಬೇಕೆಂದೂ ಇಲ್ಲ. ಆದರೆ ಸುಮಾರು 1990ರಿಂದ 2010ರವರೆಗೆ ನಮ್ಮ ಊರುಗಳಲ್ಲಿ ಟೈಪಾದ ಕನ್ನಡದಲ್ಲಿ ಎಷ್ಟೋ ಪಾಲು ಇನ್ನೂ ಬಾಡಿಗೆ ಮನೆಯಲ್ಲೇ ಇದೆ: ಮಹಿಳಾ ಸಂಘದ ಸ್ಮರಣ ಸಂಚಿಕೆ, ಶಾಲೆಯ ವಾರ್ಷಿಕ ಪತ್ರಿಕೆ, ಅತ್ತೆ ಹೇಳಿ ಬರೆಸಿದ ಉಪ್ಪಿನಕಾಯಿಯ ಅಳತೆ. ಶಿಲಾಶಾಸನ ಐನೂರು ವರ್ಷ ಬಿಸಿಲಲ್ಲಿ ನಿಂತರೂ ಓದಲು ಬರುತ್ತದೆ. ಈ ಕಡತಗಳು ಇಪ್ಪತ್ತು ವರ್ಷಕ್ಕೇ ಓದುವವರಿಲ್ಲದೆ ಹೋಗುತ್ತಿವೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರೋ ಸಿಡಿಯೋ ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಹೊತ್ತಿಸಿ ನೋಡಿ. ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಕಂಡರೆ ಅಳಿಸಬೇಡಿ. ಅದು ಕನ್ನಡವೇ ಇದ್ದೀತು.